ಬೆಳ್ಳಿ ಕಣ್ಣು ಕಾಣೆಯಾದ ವಾರ

ನಾನು ಕಥೆ ಪುಸ್ತಕ ಹಿಡಿದು ಕೂತವಳಲ್ಲ. ಹಿಡಿಯುವುದಕ್ಕೆ ಕೈ ಬಿಡುವಾಗಿದ್ದರೆ ತಾನೆ. ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದುವ ಮಗಳು ಹೋದ ವರ್ಷ ರಜೆಗೆ ಬಂದಾಗ ನನ್ನ ಮೊಬೈಲಿಗೆ ಕಥೆ ಓದಿ ಹೇಳುವ ಆ್ಯಪ್ ಒಂದನ್ನು ಹಾಕಿಕೊಟ್ಟಳು. “ಸೊಪ್ಪು ಕಟ್ಟುವಾಗ ಕಿವಿಗೆ ಸಿಕ್ಕಿಸ್ಕೋ ಅಮ್ಮ. ಕೈ ಅದ್ರ ಪಾಡಿಗೆ ಓಡ್ತದೆ, ಊರೋರ ಸುದ್ದಿ ಕೇಳೋದೂ ತಪ್ತದೆ,” ಅಂದಳು. ಊರವರ ಸುದ್ದಿ ತಪ್ಪಿಸಲು ಹೋಗಿ ನಾನೇ ಊರಿಗೆ ಸುದ್ದಿಯಾದದ್ದು ಹೇಗೆಂದು ಬರೆಯುತ್ತಿದ್ದೇನೆ.

ಆಗ ನಾನು ಕೇಳುತ್ತಿದ್ದ ಕಥೆಯಲ್ಲಿ ಒಬ್ಬಳು ರಿಟೈರಾದ ಹೊಲಿಗೆ ಟೀಚರು. ಯಾರೂ ಕರೆಯದಿದ್ದರೂ ಊರಿನ ಕಳ್ಳತನಗಳನ್ನೆಲ್ಲ ಅವಳೇ ಪತ್ತೆ ಹಚ್ಚುತ್ತಾಳೆ. ಪೊಲೀಸಿನವರು ಅವಳು ಬರುವುದನ್ನು ಕಂಡರೆ ಹಿಂಬಾಗಿಲಿನಿಂದ ಟೀ ಕುಡಿಯಲು ಹೋಗುತ್ತಾರೆ. ರವಿಕೆಗೆ ಅಳತೆ ತೆಗೆಯುವ ನೆಪದಲ್ಲಿ ಹೆಂಗಸರ ಬಾಯಿ ಬಿಡಿಸುತ್ತಾಳೆ. ನಾನು ಕೇಳುತ್ತಿದ್ದ ಭಾಗದಲ್ಲಿ ಮದುವೆ ಛತ್ರದ ಅಡುಗೆಮನೆಯಿಂದ ಒಂದು ಹಂಡೆ ಪಾಯಸ, ಹಂಡೆಯ ಸಮೇತ ಮಾಯವಾಗಿತ್ತು. ಓದುವಾಕೆಯ ದನಿ ಎಷ್ಟು ಚೆನ್ನಾಗಿತ್ತೆಂದರೆ ಏಲಕ್ಕಿಯ ವಾಸನೆ ಮೂಗಿಗೆ ಬಡಿದಂತಾಗುತ್ತಿತ್ತು. ಒಬ್ಬಳೇ ಕಿಸಕ್ಕನೆ ನಕ್ಕು ಅತ್ತೆಯ ಕೈಲಿ ಬೈಸಿಕೊಂಡದ್ದೂ ಉಂಟು. “ಕಿವೀಗೆ ದಾರ ತುರುಕ್ಕೊಂಡು ಒಬ್ಬೊಬ್ಳೆ ನಗ್ತಾಳೆ. ಗಾಳಿಗೀಳಿ ಮೆಟ್ಕೊಂಡದಾ ನೋಡ್ಲಾ,” ಎಂದು ತಮ್ಮ ಮಗನಿಗೆ ಹೇಳಿದರು.

ಆ ಟೀಚರಿಗೆ ಒಂದು ಸೂತ್ರವಿತ್ತು. ಏನಾದರೂ ಕಳುವಾದಾಗ ಬಡಬಡ ಮಾತಾಡುವವರನ್ನು ಬಿಟ್ಟು ಸುಮ್ಮನಿರುವವರನ್ನು ನೋಡಬೇಕು ಎನ್ನುತ್ತಿದ್ದಳು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ನಮ್ಮೂರು ಪಿರಿಯಾಪಟ್ಟಣದಿಂದ ಬೈಲಕುಪ್ಪೆ ಕಡೆಗೆ ಹೋಗುವ ದಾರಿಯಲ್ಲಿ ಇಳಿದು ಒಳಗೆ ನಡೆಯಬೇಕಾದ ಹಳ್ಳಿ. ಎಲ್ಲರದೂ ಹೊಗೆಸೊಪ್ಪು. ಸೊಪ್ಪು ಮುರಿದ ದಿನವೇ ಅದನ್ನು ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟಿ ಬ್ಯಾರನ್ನಿಗೆ ಏರಿಸಬೇಕು. ಬ್ಯಾರನ್ ಅಂದರೆ ಸೊಪ್ಪನ್ನು ಬಿಸಿಯಲ್ಲಿ ಹದ ಮಾಡುವ ಎತ್ತರದ ಕಟ್ಟಡ. ಒಂದೇ ಬಾಗಿಲು, ಒಳಗೆ ಅಟ್ಟಣೆ ಅಟ್ಟಣೆಯಾಗಿ ಅಡ್ಡಮರಗಳು. ಬಾಗಿಲು ಹಾಕಿ ಹೊರಗಿನಿಂದ ಬೆಂಕಿ ಕೊಟ್ಟ ಮೇಲೆ ಐದಾರು ದಿನ ತೆಗೆಯುವಂತಿಲ್ಲ. ತೆಗೆದರೆ ಬಿಸಿ ಕೆಟ್ಟು ಸೊಪ್ಪು ಕಪ್ಪಾಗುತ್ತದೆ. ಇಷ್ಟೆಲ್ಲ ಸೊಪ್ಪು ಕಟ್ಟಲು ಒಂದು ಮನೆಯವರ ಕೈ ಸಾಲದು. ಹಾಗಾಗಿ ನಾವು ಎಂಟು ಮನೆಯ ಹೆಂಗಸರು ಮುಯ್ಯಾಳು ಮಾಡಿಕೊಂಡಿದ್ದೇವೆ. ಇವತ್ತು ಎಲ್ಲರೂ ನಮ್ಮ ಮನೆಗೆ, ನಾಳೆ ನಾವೆಲ್ಲ ಅವರ ಮನೆಗೆ.

ಆ ಎಂಟರಲ್ಲಿ ನನಗೆ ಹತ್ತಿರದವರು ಎದುರುಮನೆಯ ಅಕ್ಕ. ಒಡಹುಟ್ಟಿದವರಲ್ಲ, ನನಗಿಂತ ಆರೇಳು ವರ್ಷಕ್ಕೆ ದೊಡ್ಡವರು, ಅಷ್ಟೆ. ನಾನು ಮದುವೆಯಾಗಿ ಬಂದ ವರ್ಷ ಸೊಪ್ಪು ಕಟ್ಟಲು ಕಲಿಸಿದವರು ಅವರೇ. ಮಗಳು ಹುಟ್ಟಿದಾಗ ಅತ್ತೆಗೆ ಜ್ವರವಾಗಿ, ನನಗೆ ಬಾಣಂತಿ ನೀರು ಹಾಕಿದವರೂ ಅವರೇ.

ಹೋದ ವರ್ಷವೇ ನಮ್ಮ ಯಜಮಾನರ ಬಲಗಣ್ಣಿಗೆ ಪೊರೆ ಬಂದು ಆಪರೇಷನ್ ಆಗಿತ್ತು. ಕಣ್ಣು ನೆಟ್ಟಗಾದರೆ ಜೋಡಿ ಬೆಳ್ಳಿ ಕಣ್ಣು ಒಪ್ಪಿಸುತ್ತೇನೆ ಎಂದು ಊರ ಅಮ್ಮನಿಗೆ ಹರಕೆ ಹೊತ್ತಿದ್ದೆ. ಪಟ್ಟಿ ಬಿಚ್ಚಿದ ದಿನ ಅವರು ಗೋಡೆಯ ಕ್ಯಾಲೆಂಡರಿನ ತಾರೀಖು ಓದಿದರು, ಆಮೇಲೆ ನನ್ನ ಮುಖ ನೋಡಿ, “ಏನೇ, ಇಷ್ಟು ಬೆಳ್ಳಗಾಗಿದ್ಯಾ ತಲೆ?” ಎಂದರು. ಕಂಡಿತಲ್ಲ, ಅಷ್ಟು ಸಾಕು ಅಂದುಕೊಂಡೆ.

ಒಂದು ಸೋಮವಾರ ಪಿರಿಯಾಪಟ್ಟಣಕ್ಕೆ ಹೋಗಿ ಕಣ್ಣು ತಂದೆ. ತುಳಸಿ ಎಲೆಯಷ್ಟಗಲದ ಎರಡು ತಗಡು. ಅಂಗಡಿಯವರು ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟರು. ಹರಕೆಯದಲ್ಲವೇ ಎಂದು ನಾನು ಅಲ್ಲೇ ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿಕೊಂಡೆ. ಅವತ್ತೇ ನಮ್ಮ ಮನೆಯ ಸೊಪ್ಪು. ಬಸ್ಸಿಳಿದು ಬರುವಷ್ಟರಲ್ಲಿ ಹೆಂಗಸರು ಬ್ಯಾರನ್ನಿನ ಮುಂದೆ ಸಾಲಾಗಿ ಕೂತು ಅರ್ಧ ಕಟ್ಟಿ ಮುಗಿಸಿದ್ದರು. ಸ್ನಾನವಿಲ್ಲದೆ ಹರಕೆಯ ಗಂಟನ್ನು ದೇವರ ಗೂಡಿಗೆ ಇಡಲು ಮನಸ್ಸು ಬರಲಿಲ್ಲ, ನೆಲದ ಮೇಲೆ ಇಡುವ ಹಾಗೂ ಇಲ್ಲ. ಬ್ಯಾರನ್ ಪೂಜೆಗೆಂದು ಅತ್ತೆ ಕಲ್ಲಿನ ಮೇಲೆ ಇಟ್ಟಿದ್ದ ಅರಿಶಿನ ಕುಂಕುಮದ ತಟ್ಟೆ ಕಂಡಿತು. ಅದರಲ್ಲಿಟ್ಟು ಸೆರಗು ಕಟ್ಟಿ ಸಾಲಿಗೆ ಕೂತೆ.

ಮಧ್ಯಾಹ್ನ ನಾನು ಒಳಗೆ ಎಲ್ಲರಿಗೂ ಟೀ ಕಾಯಿಸುತ್ತಿದ್ದಾಗ ಪೂಜೆ ಆಯಿತು. ಗಂಡಸರು ಕಡ್ಡಿಗಳನ್ನು ಏರಿಸಿದರು, ಬಾಗಿಲು ಬಿತ್ತು, ಬೆಂಕಿ ಹತ್ತಿತು. ಸಂಜೆ ಸ್ನಾನ ಮಾಡಿ ಗಂಟು ತೆಗೆದುಕೊಳ್ಳಲು ಹೋದರೆ ತಟ್ಟೆಯಲ್ಲಿ ಒಡೆದ ತೆಂಗಿನಕಾಯಿ, ಉರಿದ ಕರ್ಪೂರದ ಕಲೆ. ಗಂಟಿಲ್ಲ.

“ಅತ್ತೆ, ತಟ್ಟೇಲಿದ್ದ ಅಮ್ಮನ ಕಣ್ಣು ಎಲ್ಲಿ?”

“ಯಾವ್ ಕಣ್ಣು? ತಟ್ಟೇಲಿ ಬ್ಯಾರನ್ನಿನ ಮುಡುಪಿತ್ತು, ಕಟ್ದೆ. ಕಣ್ಣೂ ಇಲ್ಲ ಮೂಗೂ ಇಲ್ಲ.”

ಕಲ್ಲಿನ ಸುತ್ತ, ಸೊಪ್ಪಿನ ಉದುರಿನಲ್ಲಿ, ದನದ ಕೊಟ್ಟಿಗೆಯವರೆಗೂ ಹುಡುಕಿದೆ. ದೀಪ ಹಚ್ಚುವಾಗ ಆ ದಿನ ಆದ ಒಳ್ಳೆಯದನ್ನು ಬೆರಳಿನ ಗೆಣ್ಣಿನ ಮೇಲೆ ಎಣಿಸಿ ಕೈ ಮುಗಿಯುವುದು ನನ್ನ ಅಭ್ಯಾಸ. ಬಸ್ಸಿನಲ್ಲಿ ಸೀಟು ಸಿಕ್ಕಿದ್ದು, ಮಳೆ ತಡೆದದ್ದು. ಮೂರನೆಯ ಗೆಣ್ಣಿಗೆ ಬರುವ ಹೊತ್ತಿಗೆ ಹೆಬ್ಬೆರಳು ನಿಂತುಹೋಯಿತು. ಅಮ್ಮನ ಕಣ್ಣು ಕಳೆದವಳ ಗಂಡನ ಕಣ್ಣು ಉಳಿಯುತ್ತದೆಯೇ ಎಂಬ ಯೋಚನೆ ಬಂತು. ಯಜಮಾನರು ಕಣ್ಣುಜ್ಜಿಕೊಂಡರೂ ಹಾರಿಬೀಳುತ್ತಿದ್ದೆ.

ಆಗ ಹೊಲಿಗೆ ಟೀಚರು ನೆನಪಿಗೆ ಬಂದಳು.

ಅವತ್ತು ಸುಮ್ಮನಿದ್ದವರು ಯಾರು? ಎದುರುಮನೆ ಅಕ್ಕ. ಸಾಮಾನ್ಯವಾಗಿ ಅವರು ಬಾಯಿ ಮುಚ್ಚುವುದು ಎಲೆ ಅಡಿಕೆ ಹಾಕಿಕೊಳ್ಳುವಾಗ ಮಾತ್ರ. ಆ ಸೋಮವಾರ ನಾನು ಎರಡು ಸಲ ಮಾತಾಡಿಸಿದರೂ “ಹ್ಞೂಂ” ಎಂದಿದ್ದರು. ಟೀ ಮುಟ್ಟದೆ, “ಒಸಿ ಕೆಲ್ಸ ಅದೆ” ಎಂದು ಎಲ್ಲರಿಗಿಂತ ಮೊದಲು ಎದ್ದು ಹೋಗಿದ್ದರು. ಸಾಲಿನಲ್ಲಿ ಆ ಕಲ್ಲಿಗೆ ಹತ್ತಿರ ಕೂತಿದ್ದವರೂ ಅವರೇ. ಛೆ, ಛೆ ಎಂದು ಗಲ್ಲ ಬಡಿದುಕೊಂಡೆ. ಆದರೂ ಮನಸ್ಸು ಅಲ್ಲಿಗೇ ಹೋಗಿ ಹೋಗಿ ಬರುತ್ತಿತ್ತು.

ಮಂಗಳವಾರ, ಗಂಟು ಅಂಗಡಿಯಲ್ಲೇ ಬಿಟ್ಟುಬಂದೆನೋ ಎಂಬ ಆಸೆಯಿಂದ ಮತ್ತೆ ಪಿರಿಯಾಪಟ್ಟಣಕ್ಕೆ ಹೋದೆ. “ಇಲ್ಲಮ್ಮ, ನೀವೇ ಗಂಟು ಹಾಕ್ಕೊಂಡ್ರಲ್ಲ,” ಎಂದರು ಅಂಗಡಿಯವರು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಿದ್ದೇನೆ, ಅದೇ ಕಟ್ಟಡದ ಮೆಟ್ಟಿಲಿನಿಂದ ಅಕ್ಕ ಇಳಿದರು. ಮುಖದ ಅರ್ಧ ಭಾಗಕ್ಕೆ ಸೆರಗು ಒತ್ತಿ ಹಿಡಿದಿದ್ದರು. ಕೂಗಬೇಕೆಂದು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಿ, ನೋಡದವರಂತೆ, ಬಸ್‌ಸ್ಟ್ಯಾಂಡಿನ ಕಡೆಗೆ ಬಿರಬಿರನೆ ನಡೆದುಬಿಟ್ಟರು.

ಕಥೆಯಲ್ಲಿ ಹೀಗಾಗಿದ್ದರೆ ಅಲ್ಲಿಗೆ ಭಾಗ ಮುಗಿದು ಸಂಗೀತ ಬರುತ್ತಿತ್ತು. ನನಗೆ ಬಸ್ಸು ಬಂತು. ಮನೆಗೆ ಬರುವ ತನಕ ಎದೆಯಲ್ಲಿ ಅದೇ.

ಬುಧವಾರ ಮೇಲಿನ ಬೀದಿಯ ಮನೆಯಲ್ಲಿ ಸೊಪ್ಪು. ಎಂಟೂ ಜನ ಸಾಲಾಗಿ ಕೂತಿದ್ದೆವು. ಅಕ್ಕ ಅವತ್ತೂ ಮಾತಿಲ್ಲ. ಪಕ್ಕದಲ್ಲಿ ಅವರ ವೈರ್ ಬ್ಯಾಗು. ಟವೆಲು, ನೀರಿನ ಬಾಟ್ಲಿ, ಎಲೆ ಅಡಿಕೆಯ ಡಬ್ಬಿ ಇಟ್ಟುಕೊಂಡು ಎಲ್ಲ ಮನೆಗೂ ತರುತ್ತಿದ್ದದ್ದು. ಟೀಚರಾಗಿದ್ದರೆ ಅಳತೆಯ ಟೇಪು ತೆಗೆಯುತ್ತಿದ್ದಳು. ನನಗೆ ನೆಪ ಮಾಡಲೂ ಬರಲಿಲ್ಲ.

“ಅಕ್ಕ, ಸೋಮ್ವಾರ ನನ್ ಗಂಟು ಕಾಣ್ದಂಗಾಯ್ತಲ್ಲ, ತಪ್ಪಿ ನಿನ್ ಬ್ಯಾಗೊಳಿಕ್ಕೆ ಏನಾರ ಬಿದ್ದದಾ, ಒಸಿ ನೋಡ್ತೀಯಾ?”

ಮೆತ್ತಗೇ ಕೇಳಿದೆ. ಮೆತ್ತಗೆ ಕೇಳಿದರೆ ಕೇಳಿದ್ದು ಬೇರೆಯಾಗುವುದಿಲ್ಲ. ಸಾಲಿನಲ್ಲಿ ಹದಿನಾರು ಕೈಯೂ ನಿಂತವು.

ಅಕ್ಕ ನನ್ನನ್ನು ನೋಡಿದರು. ಆಮೇಲೆ ಬ್ಯಾಗು ಎತ್ತಿ ಅಂಗಳಕ್ಕೆ ಬೋರಲು ಹಾಕಿದರು. ಟವೆಲು, ಬಾಟ್ಲಿ, ಡಬ್ಬಿ, ದಾರ ಕೊಯ್ಯುವ ಚಾಕು. ಕೊನೆಗೊಂದು ಕಾಗದದ ಪೊಟ್ಟಣ ಬಿತ್ತು. ಕಣ್ಣು ಸುತ್ತಿಡುವಷ್ಟೇ ಗಾತ್ರ.

“ಅದೇನು?” ನನ್ನ ಬಾಯಿಂದ ಬಂದೇಬಿಟ್ಟಿತು.

“ಬಿಚ್ಚು. ನೀನೇ ಬಿಚ್ಚು ತಾಯಿ.”

ಬಿಚ್ಚಿದೆ. ಒಳಗೆ ಒಂದು ದವಡೆ ಹಲ್ಲು.

ಯಾರಿಗಾದರೂ ನಗು ಬರಬೇಕಿತ್ತು. ಬರಲಿಲ್ಲ. ಅಕ್ಕ ಬಾಯಿ ತೆರೆದು, ಬೆರಳಿನಿಂದ ತುಟಿ ಸರಿಸಿ, ಖಾಲಿ ಜಾಗ ತೋರಿಸಿದರು.

“ಶನಿವಾರದಿಂದ ಜೀವ ಹೋಯ್ತಿತ್ತು. ನಿಮ್ಮನೆ ಸೊಪ್ಪು ಅದಲ್ಲ, ಬುಡಬಾರ್ದು ಅಂತ ನೋವು ಕಚ್ಕೊಂಡು ಬಂದು ಕುಂತಿದ್ದೆ. ನೆನ್ನೆ ಆ ಅಂಗಡಿ ಮ್ಯಾಲಿರೋ ಡಾಕ್ಟ್ರ ತಾವ ಕೀಳಿಸ್ಕೊಂಡು ಬಂದೆ. ನಿನ್ನ ನೋಡ್ದೆ. ಅರ್ಧ ಮೊಕ ಮರಗಟ್ಟಿತ್ತು, ಜೊಲ್ಲು ಸುರೀತಿತ್ತು, ಆ ಅವತಾರ್ದಲ್ಲಿ ಬೀದೀಲಿ ಎಂಗೆ ಮಾತಾಡ್ಲಿ?”

“ಅಕ್ಕ, ನಾನು...”

“ಇಷ್ಟು ವರ್ಸ ನನ್ ಜೊತೆ ಅನ್ನ ತಿಂದಿರೋ ಹಲ್ಲು, ಎಲ್ಲೆಲ್ಲೋ ಬಿಸಾಕಾಕೆ ಮನ್ಸು ಬರ್ನಿಲ್ಲ. ತುಳಸಿ ಬುಡಕ್ಕೆ ಊಳಾಣ ಅಂತ ಮಡಗಿದ್ದೆ. ಅದೂ ಇವತ್ತು ಎಲ್ರ ಮುಂದೆ ಮಾನ ಕಳ್ಕತ್ತು.” ಸಾಮಾನನ್ನೆಲ್ಲ ಬ್ಯಾಗಿಗೆ ತುಂಬಿಕೊಂಡರು. “ನನ್ ಹಲ್ಲು ಸಿಕ್ತು. ನಿನ್ ಕಣ್ಣು ಸಿಕ್ನಿಲ್ವಲ್ಲ. ಸಿಕ್ಕೋಗಂಟ ಅದು ನನ್ ತಲೆ ಮ್ಯಾಲೇ ಇರ್ತದೆ ಬುಡು.”

ತಮ್ಮ ಪಾಲಿನ ಕಡ್ಡಿಯನ್ನು ಪೂರ್ತಿ ಕಟ್ಟಿ ಗಂಟು ಹಾಕಿಯೇ ಎದ್ದು ಹೋದರು. ಅರ್ಧಕ್ಕೆ ಬಿಟ್ಟು ಹೋಗಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲವೇನೋ.

ಅವರು ಹೇಳಿದ್ದು ಗುರುವಾರಕ್ಕೆ ನಿಜವಾಯಿತು. ನಲ್ಲಿಯ ಹತ್ತಿರ ಮೇಲಿನ ಬೀದಿಯವಳು ಬಿಂದಿಗೆ ಪಕ್ಕಕ್ಕಿಟ್ಟು ನನ್ನ ಕಿವಿಗೆ ಬಾಗಿದಳು. “ಔದಾ ಅಕ್ಕ, ನಿಮ್ಮೆದುರುಮನೆಯೋರ ಕೈ ಒಸಿ ಅಂಗಂತೆ? ಅವರ್ನ ಇನ್ ಮುಯ್ಯಾಳಿಗೆ ಕರ್ಯಾದು ಬ್ಯಾಡ ಅಂತವರೆ ನಮ್ಮತ್ತೆ.”

“ಯಾರಂದ್ರು ಅಂಗೆ?” ನನಗೆ ಸಿಟ್ಟೇ ಬಂತು.

“ನೀವೇ ಅಲ್ವಾ?” ಎಂದಳು. ಕೊಂಕೇನೂ ಇಲ್ಲದೆ, ಸುಮ್ಮನೆ ಕೇಳಿದಳು.

ಮನೆಗೆ ಬಂದು ಬಿಂದಿಗೆ ಇಳಿಸುವುದನ್ನೂ ಮರೆತು ಸೊಂಟದಲ್ಲೇ ಇಟ್ಟುಕೊಂಡು ನಿಂತಿದ್ದೆ. ಯಜಮಾನರು ನೋಡಿ, “ಕೊಡ ಇಳ್ಸೇ, ಫೋಟೋ ತೆಗೀತಾವ್ರಾ?” ಎಂದರು. ಅವರಿಗೆ ಹೇಳಿದೆ. ಅವರು, “ಕಣ್ಣು ನಂದು. ಹೋದ್ರೆ ನಂದು ಹೋಗ್ತಿತ್ತು. ಅವರ್ ಮಾನ ಯಾಕೆ ತೆಗ್ದೆ?” ಎಂದರು. ಆ ದಿನವೆಲ್ಲ ಒಲೆಯ ಮುಂದೆ ಕೂತರೆ ಬಾಗಿಲಿಗೆ ಬರುವುದು, ಬಾಗಿಲಿಗೆ ಬಂದರೆ ಎದುರುಮನೆಯ ಮುಚ್ಚಿದ ಕದ ನೋಡಿ ಒಳಗೆ ಹೋಗುವುದು. ಕಿವಿಗೆ ಕಥೆ ಸಿಕ್ಕಿಸಿಕೊಳ್ಳಲಿಲ್ಲ. ಆ ಟೀಚರ ದನಿ ಕೇಳಿದರೆ ಜಗಳ ಆಡುವಷ್ಟು ಕೋಪವಿತ್ತು, ಪಾಪ, ಅವಳದೇನು ತಪ್ಪು.

ಶುಕ್ರವಾರ ಬೆಳಿಗ್ಗೆ ದೇವರ ಗೂಡು ತೊಳೆಯಲು ಹಳೆಯ ಹೂವು ತೆಗೆಯುತ್ತಿದ್ದೆ. ಹೂವಿನ ಕೆಳಗೆ ಅರಿಶಿನದ ಬಟ್ಟೆಯ ಗಂಟು. “ಅಮ್ಮಾ!” ಎಂದು ಕೂಗಿ ಬಿಚ್ಚಿದೆ. ಅಕ್ಕಿಕಾಳು, ಒಂದು ನಾಣ್ಯ.

ಅದು ಬ್ಯಾರನ್ನಿನ ಮುಡುಪು. ಬೆಂಕಿ ಅನಾಹುತವಾಗದಿರಲಿ ಎಂದು ಪ್ರತಿ ಸಲ ಮೊದಲ ಕಡ್ಡಿಗೆ ಅಂಥ ಒಂದು ಗಂಟು ಕಟ್ಟಿ ಎಲ್ಲಕ್ಕಿಂತ ಮೇಲಿನ ಅಟ್ಟಣೆಗೆ ಏರಿಸುವುದು ನಮ್ಮ ಮನೆಯ ಪದ್ಧತಿ. ಗಂಟು ಮಾಡಿ ತಟ್ಟೆಗೆ ಇಡುವುದು ನನ್ನ ಕೆಲಸ, ಕಟ್ಟುವುದು ಅತ್ತೆಯ ಕೆಲಸ. ಸೋಮವಾರ ಬೆಳಿಗ್ಗೆ ಗಂಟು ಮಾಡಿದೆ, ಬಸ್ಸಿನ ಹಾರನ್ ಕೇಳಿಸಿತು, ಗೂಡಿನಲ್ಲೇ ಬಿಟ್ಟು ಓಡಿದೆ. ಮುಡುಪು ಇಲ್ಲಿದ್ದರೆ, ಅತ್ತೆ ಕಡ್ಡಿಗೆ ಕಟ್ಟಿದ್ದು ಏನು?

“ಅತ್ತೆ, ನೀವು ಕಟ್ಟಿದ ಗಂಟು ಎಷ್ಟು ತೂಕ ಇತ್ತು?”

“ಗಂಟ್ನ ಯಾರವ್ವ ತೂಗ್ತಾರೆ? ಈ ಸಲ ಅಕ್ಕಿ ಕಮ್ಮಿ ಆಕವಳೆ, ಜುಗ್ಗಿ, ಅಂದ್ಕೊಂಡೆ.”

ಬ್ಯಾರನ್ನಿನ ಹತ್ತಿರ ಓಡಿದೆ. ಗೋಡೆ ಕೈ ಸುಡುವಷ್ಟು ಬಿಸಿ. ಪುಟ್ಟ ಗಾಜಿನ ಕಿಂಡಿಯಲ್ಲಿ ಇಣುಕಿದರೆ ಕೆಳಗಿನ ಸಾಲಿನ ಹಳದಿ ಸೊಪ್ಪು ಮಾತ್ರ ಕಾಣುತ್ತದೆ. ಬಾಗಿಲ ಚಿಲಕಕ್ಕೆ ಕೈ ಹಾಕಿದ್ದೇ ತಡ, ಅತ್ತೆ ಹಿಂದಿನಿಂದ ಕೂಗಿದರು. “ತೆಗ್ದೀಯಾ ಜೋಕೆ! ವರ್ಸದ ಅನ್ನ ಅದೆ ಒಳಗೆ. ಭಾನ್ವಾರ ತೆಗ್ಯಾದು.”

ಭಾನುವಾರ. ಶನಿವಾರ ಎದುರುಮನೆಯ ಸೊಪ್ಪು.

ಶನಿವಾರ ಬಾಗಿಲಲ್ಲಿ ನಿಂತು ನೋಡಿದೆ. ಅವರ ಅಂಗಳದಲ್ಲಿ ಮುರಿದು ತಂದ ಸೊಪ್ಪು ರಾಶಿ ಬಿದ್ದಿತ್ತು. ಕಟ್ಟಲು ಬಂದವರು ಮೂರೇ ಜನ. ಬಿಸಿಲು ಏರಿದರೆ ರಾಶಿಯೊಳಗೆ ಶಾಖವಾಗಿ ಸೊಪ್ಪು ಬಾಡುತ್ತದೆ. ಇನ್ನೊಂದು ದಿನ ತಡೆದರೆ ಕೈಯಲ್ಲಿ ಸಾಕ್ಷಿ ಹಿಡಿದುಕೊಂಡೇ ಹೋಗಬಹುದು, ಒಂದು ವೇಳೆ ಮೇಲಿನ ಗಂಟಿನಲ್ಲಿ ಕಣ್ಣಿಲ್ಲದಿದ್ದರೆ ಇನ್ನಷ್ಟು ನಗೆಪಾಟಲು ಎಂದು ಮನಸ್ಸು ಹೇಳಿತು. ಆದರೆ ಭಾನುವಾರ ಹೋದರೆ ಅವರನ್ನು ಕಳ್ಳತನದ ಮಾತಿನಿಂದ ಬಿಡಿಸಿದ್ದು ಆ ತಗಡಾಗುತ್ತದೆ, ನಾನಲ್ಲ. ಅಮ್ಮನಿಗೆ ಮನಸ್ಸಿನಲ್ಲೇ ಅಡ್ಡಬಿದ್ದು ರಸ್ತೆಗೆ ಇಳಿದೆ.

ಮೊದಲು ಮೇಲಿನ ಬೀದಿಗೆ, ಆಮೇಲೆ ಉಳಿದ ಮನೆಗಳಿಗೆ. ಬಾಗಿಲು ಬಾಗಿಲಿಗೂ ಹೋಗಿ, “ತಪ್ಪು ನಂದು, ಬನ್ನಿ” ಎಂದು ಕರೆದೆ. ಎಲ್ಲರನ್ನೂ ಹಿಂದಿಟ್ಟುಕೊಂಡು ಅಕ್ಕನ ಅಂಗಳಕ್ಕೆ ಬಂದೆ. ಅವರು ತಲೆ ಎತ್ತಲಿಲ್ಲ. ನಿಂತುಕೊಂಡೇ ಹೇಳಿದೆ. ಮುಡುಪು ಗೂಡಿನಲ್ಲಿ ಸಿಕ್ಕಿದ್ದು, ಕಣ್ಣು ಬ್ಯಾರನ್ನಿನ ಮೇಲಿರಬಹುದು ಎನ್ನುವುದು, ಇದ್ದರೂ ಇಲ್ಲದಿದ್ದರೂ ಅಕ್ಕನ ಮೇಲೆ ಮಾತು ತಂದದ್ದು ಪಾಪ ಎನ್ನುವುದು. ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಯಿತು.

“ಕೇಳಿಸ್ನಿಲ್ಲ,” ಎಂದರು ಅಕ್ಕ, ಸೊಪ್ಪು ಕಟ್ಟುತ್ತಲೇ. “ಬುಧ್ವಾರ ಎಷ್ಟು ಜೋರಾಗಿ ಕೇಳ್ದೆ? ಅಷ್ಟು ಜೋರಾಗಿ ಯೋಳು.”

ಮತ್ತೆ ಮೊದಲಿನಿಂದ ಹೇಳಿದೆ. ಬೀದಿಯಲ್ಲಿ ಹೋಗುತ್ತಿದ್ದ ಹಾಲಿನ ಡೇರಿಯವನೂ ಸೈಕಲ್ಲು ನಿಲ್ಲಿಸಿ ಕೇಳಿಸಿಕೊಂಡ. ಮುಗಿದ ಮೇಲೆ ಅಕ್ಕ, “ಕುಂತ್ಕೊ, ಸೊಪ್ಪು ಬಾಡ್ತದೆ,” ಎಂದರು. ಕೂತೆ. ಮಧ್ಯಾಹ್ನದ ತನಕ ಅವರು ತಮ್ಮ ಕಡ್ಡಿ ನೋಡಿಕೊಂಡೇ ಕಟ್ಟಿದರು. ಸೊಪ್ಪು ಬಾಡಲಿಲ್ಲ, ಅದೊಂದು ಪುಣ್ಯ.

ಭಾನುವಾರ ಬ್ಯಾರನ್ ತೆಗೆದರು. ಮೈದುನ ಮೇಲಿನ ಅಟ್ಟಣೆಯಿಂದ ಮೊದಲ ಕಡ್ಡಿ ಇಳಿಸಿದಾಗ ನನಗೆ ಬಿಚ್ಚುವ ಧೈರ್ಯ ಬರದೆ ಅತ್ತೆಯ ಕೈಗೆ ಕೊಟ್ಟೆ. ಬಟ್ಟೆ ಕಂದಿಹೋಗಿತ್ತು. ಒಳಗಿನಿಂದ ಎರಡು ಕಣ್ಣು, ಒಂಚೂರು ಕಪ್ಪಾಗಿ, ನಮ್ಮನ್ನೇ ನೋಡುತ್ತಿದ್ದವು. “ಆರು ದಿನ ಕಣ್ಣು ಮುಚ್ದಂಗೆ ಬ್ಯಾರನ್ ಕಾದವ್ಳೆ ತಾಯಿ,” ಎಂದು ಅತ್ತೆ ಕೈ ಮುಗಿದರು. ಹುಣಸೆಹಣ್ಣಿನಲ್ಲಿ ಎಷ್ಟು ಉಜ್ಜಿದರೂ ವಾಸನೆ ಹೋಗಲಿಲ್ಲ. ಮಂಗಳವಾರ ಒಪ್ಪಿಸುವಾಗ ಪೂಜಾರಪ್ಪ ಮೂಗಿನ ಹತ್ತಿರ ಹಿಡಿದು ನನ್ನ ಮುಖ ನೋಡಿದರು. “ಏನವ್ವ, ಅಮ್ಮಂಗೂ ಹೊಗೆಸೊಪ್ಪಿನ ಚಟ ಹತ್ತುಸ್ತೀರಾ?”

ಪ್ರಸಾದ ತಂದು ಎದುರುಮನೆಗೆ ಕೊಟ್ಟೆ. ಅಕ್ಕ ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. “ಎಜಮಾನ್ರ ಕಣ್ಣೆಂಗದೆ?” ಎಂದು ಕೇಳಿದರು. “ಚೆನ್ನಾಗದೆ ಅಕ್ಕ” ಎಂದೆ. “ನಾಡಿದ್ದು ನಿಮ್ಮನೇಲಿ ಸೊಪ್ಪಲ್ವಾ? ಬತ್ತೀನಿ,” ಎಂದರು.

ಬಂದರು. ಈಗಲೂ ಬರುತ್ತಾರೆ, ಮೊದಲಿನ ಹಾಗೆಯೇ ಮಾತಾಡುತ್ತಾರೆ, ನಗಿಸುತ್ತಾರೆ, ನನ್ನ ಕಿವಿಯ ದಾರ ಕಿತ್ತು “ಇವತ್ತು ಯಾರ್ನ ಇಡಿದ್ಳು ನಿನ್ ಟೀಚರಮ್ಮ?” ಎಂದು ಕೇಳುತ್ತಾರೆ. ಬೇರೆ ಆರು ಮನೆಗೆ ಹೋಗುವಾಗ ವೈರ್ ಬ್ಯಾಗು ಕೈಯಲ್ಲಿರುತ್ತದೆ. ನಮ್ಮ ಅಂಗಳಕ್ಕೆ ಮಾತ್ರ ಎರಡು ಕೈ ಬೀಸಿಕೊಂಡು ಬರುತ್ತಾರೆ. ಯಾಕೆಂದು ನಾನು ಕೇಳಿಲ್ಲ, ಅವರು ಹೇಳಿಲ್ಲ. ಅವರು ಬರುವ ದಿನ ಒಂದು ಚೊಂಬು ನೀರು, ಒಗೆದ ಟವೆಲು, ತಟ್ಟೆಯಲ್ಲಿ ಎಲೆ ಅಡಿಕೆ ಸುಣ್ಣ ಅವರ ಜಾಗದಲ್ಲಿ ಮೊದಲೇ ಇಟ್ಟಿರುತ್ತೇನೆ. ಎಲೆ ಹಾಕಿಕೊಳ್ಳುತ್ತಾರೆ, ನೀರು ಕುಡಿಯುತ್ತಾರೆ. ಸಂಜೆ ಎದ್ದು ಸೀರೆ ಕೊಡವಿಕೊಂಡು ರಸ್ತೆ ದಾಟುವಾಗ ಆ ಖಾಲಿ ಕೈಗಳನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ.